ನಮ್ಮದಲ್ಲದ ಬೆಕ್ಕು

ನನಗೊಂದು ಚಟವಿದೆ. ತಂಬಾಕಿನದಲ್ಲ, ನಶ್ಯದ್ದೂ ಅಲ್ಲ; ಅವಾಗಿದ್ದರೆ ನಾಲ್ಕು ಜನರ ಮುಂದೆ ಹೇಳಿಕೊಳ್ಳಬಹುದಿತ್ತು. ಯಾರ ಮೈಮೇಲೆ ಗಾಯದ ಪಟ್ಟಿ ಕಂಡರೂ ಅದನ್ನು ಮೂಸಿ ನೋಡಬೇಕು ಅನಿಸುತ್ತದೆ. ಮನೆಯವರದಾದರೆ ಮೂಸಿಯೇ ಬಿಡುತ್ತೇನೆ. ಪರರದಾದರೆ ಮಾತಾಡುವ ನೆವದಲ್ಲಿ ತುಸು ಬಾಗುತ್ತೇನೆ. ಹೀಗೆ ಬಾಗಿ ಬಾಗಿ ಬನಹಟ್ಟಿಯ ಪೇಟೆಯಲ್ಲಿ ಬಲು ವಿನಯವಂತನೆಂಬ ಹೆಸರು ಬಂದುಬಿಟ್ಟಿದೆ.

ಮೊನ್ನೆ ನನ್ನ ಹೆಂಡತಿ ಚಂಪಾ ರೊಟ್ಟಿ ಬೇಯಿಸುವಾಗ ಹಂಚು ತಾಗಿಸಿಕೊಂಡು ಬೆರಳಿಗೆ ಅರಿವೆ ಸುತ್ತಿಕೊಂಡಿದ್ದಳು. ಅಂಗಡಿಯಿಂದ ಬಂದವನು ಟೊಪ್ಪಿಗೆ ತೆಗೆಯುವ ಮೊದಲೇ ಅವಳ ಕೈ ಹಿಡಿದೆ. ಈ ವಯಸ್ಸಿನಲ್ಲಿ ಗಂಡ ಕೈ ಹಿಡಿದನಲ್ಲ ಎಂದು ಅವಳು ಬೆರಗಾಗಬೇಕು, ಅಷ್ಟರಲ್ಲಿ ಬೆರಳು ನನ್ನ ಮೂಗಿಗೆ ತಾಗಿತ್ತು.

“ಬಿಡ್ರೀ! ನಾಯಿಗತೆ ಏನ್ ಮೂಸ್ತೀರಿ? ಮುಂಜಾನೆ ಸುಟ್ಟದ್ದು ಸಂಜಿಕ ನಾರತೈತೇನು?”

“ನೋಡೂಣು, ಏನಾಗತೈತೋ,” ಅಂದೆ.

“ಆತು, ನೀವು ಹಂಗಂದ್ರಿ ಅಂದ್ರ ನನಗ ಸಮಾಧಾನ,” ಎಂದು ಅವಳು ಒಲೆಯ ಕಡೆ ತಿರುಗಿದಳು.

ಗಂಡ ಅನುಮಾನದ ಮಾತಾಡಿದರೆ ಹೆಂಡತಿಗೆ ಸಮಾಧಾನವಾಗುವ ಮನೆ ನಮ್ಮದೊಂದೇ ಇರಬೇಕು. ಇದು ಯಾಕೆ ಹೀಗಾಯಿತು ಎಂದು ಹೇಳಲು ಜಿನ್ನವ್ವತ್ತಿಯ ಸುದ್ದಿ ತೆಗೆಯಬೇಕು. ಅವಳ ಸುದ್ದಿ ತೆಗೆದರೆ ಒಂದು ಬೆಕ್ಕಿನ ಸುದ್ದಿಯೂ ಬಾಲ ಎತ್ತಿಕೊಂಡು ಹಿಂದೆಯೇ ಬರುತ್ತದೆ.

ಜಿನ್ನವ್ವತ್ತಿ ನನ್ನ ತಂದೆಯ ಅಕ್ಕ. ಚಿಕ್ಕ ವಯಸ್ಸಿನಲ್ಲಿಯೇ ಗಂಡನನ್ನು ಕಳೆದುಕೊಂಡು ತೇರದಾಳದಿಂದ ತೌರಿಗೆ ಬಂದವಳು. ಬಂದಾಗ ಒಂದು ಪೆಟ್ಟಿಗೆಯನ್ನೂ ನೀರು ಸೋಸುವ ಒಂದು ಬಿಳಿ ಅರಿವೆಯನ್ನೂ ತಂದಿದ್ದಳಂತೆ. ಪೆಟ್ಟಿಗೆ ಎಲ್ಲಿ ಹೋಯಿತೋ ಕಾಣೆ. ಸೋಸುವ ಅರಿವೆ ಮಾತ್ರ ಹಳೆಯದು ಹರಿದಂತೆ ಹೊಸದಾಗುತ್ತ ಅವಳ ಹೆಗಲ ಮೇಲೆ ಕೊನೆಯವರೆಗೂ ಇತ್ತು. ನಾವು ಬಸದಿಗೆ ನಡೆದುಕೊಳ್ಳುವ ಜನ. ಹೊತ್ತು ಮುಳುಗುವ ಮುಂಚೆ ಊಟ ಮುಗಿಸಬೇಕು. ದೀಪ ಹಚ್ಚಿದ ಮೇಲೆ ಅನ್ನವಿಲ್ಲ, ಒಲೆಯಿಲ್ಲ. ದೀಪಕ್ಕೆ ಬಂದ ಹುಳ ಹಿಟ್ಟಿನಲ್ಲಿ ಬಿದ್ದೀತು, ಹಾಲಿನಲ್ಲಿ ಬಿದ್ದೀತು, ನಮ್ಮ ಹೊಟ್ಟೆಗಾಗಿ ಒಂದು ಜೀವ ಹೋದೀತು. ಇದನ್ನು ಮನೆಯಲ್ಲಿ ಎಲ್ಲರೂ ಪಾಲಿಸುತ್ತಿದ್ದರು. ಆದರೆ ಅತ್ತಿ ಪಾಲಿಸುತ್ತಿದ್ದ ರೀತಿಯೇ ಬೇರೆ. ಸೂರ್ಯ ನಮ್ಮ ಓಣಿಯ ಬೇವಿನ ಮರದ ತುದಿಗೆ ಇಳಿದನೆಂದರೆ ಸಾಕು, “ಮುಗಸ್ರೀ, ಮುಗಸ್ರೀ” ಎಂದು ಗಂಗಾಳ ಎತ್ತಲು ನಿಂತುಬಿಡುತ್ತಿದ್ದಳು. ಚಿಕ್ಕಂದಿನಲ್ಲಿ ನಾನು ಎಷ್ಟೋ ಸಂಜೆ ಕೊನೆಯ ತುತ್ತನ್ನು ಬಾಯಲ್ಲಿ ಇಟ್ಟುಕೊಂಡೇ ಅಂಗಳಕ್ಕೆ ಓಡಿ, ಸೂರ್ಯ ಇನ್ನೂ ಇದ್ದಾನೋ ಇಲ್ಲವೋ ನೋಡಿ ಆಮೇಲೆ ನುಂಗಿದ್ದುಂಟು. ಕಾಳಜಿ ಮಾಡುವ ಸ್ವಭಾವ ನನಗೆ ಆಗಿನಿಂದಲೇ ಹತ್ತಿತೋ, ಹುಟ್ಟುವಾಗಲೇ ತಂದೆನೋ ಹೇಳಲಾರೆ. ಈಗಲೂ ಅಂಗಡಿಯ ಕೀಲಿ ಹಾಕಿ ಬಂದರೆ ಅರ್ಧ ದಾರಿಯಿಂದ ತಿರುಗಿ ಹೋಗಿ ಎಳೆದು ನೋಡುತ್ತೇನೆ. ಮನೆಗೆ ಬಂದ ಮೇಲೆ, ಎಳೆದಾಗ ಬಿಚ್ಚಿಕೊಂಡಿತೇನೋ ಎಂಬ ಕಾಳಜಿ.

ಮೂಸುವ ಚಟ ಮಾತ್ರ ಅತ್ತಿಯಿಂದಲೇ ಬಂದದ್ದು. ಸಾಲಿಗೆ ಹೋಗುವ ವಯಸ್ಸಿನಲ್ಲಿ ನನ್ನ ಮೊಣಕಾಲಿನ ಮೇಲೊಂದು ದೊಡ್ಡ ಕುರು ಎದ್ದಿತ್ತು. ಅತ್ತಿ ಅಗಸಿಯ ಬೀಜವನ್ನು ಅರೆದು, ಬಿಸಿ ಮಾಡಿ, ಅರಿವೆಯಲ್ಲಿ ಹಚ್ಚಿ ಕಟ್ಟುತ್ತಿದ್ದಳು. ಮರುದಿನ ಪಟ್ಟಿ ಬಿಚ್ಚಿ ಮೊದಲು ಮೂಗಿಗೆ ಹಿಡಿಯುತ್ತಿದ್ದಳು, ಆಮೇಲೆ ಗಾಯ ನೋಡುತ್ತಿದ್ದಳು. “ಮ್ಯಾಲ ಒಣಗಿದ್ಹಂಗ ಕಾಣತೈತಿ. ಒಳಗ ಏನ್ ನಡದೈತಿ ಅಂತ ಮೂಗಿಗಷ್ಟ ತಿಳೀತೈತಿ,” ಅನ್ನುವಳು. ಒಂದು ದಿನ ಮೂಸಿ ನನ್ನ ತಲೆ ಸವರಿದಳು. ಗುಣವಾಗಿದೆ ಎಂದು ಅರ್ಥ. ಆ ಕೈಯಲ್ಲಿ ಅಗಸಿಯ ವಾಸನೆಯಿತ್ತು. ಈಗಲೂ ಎಲ್ಲಾದರೂ ಅಗಸಿ ಹುರಿದರೆ ನನ್ನ ಮೊಣಕಾಲು ತಣ್ಣಗಾಗುತ್ತದೆ.

ಇನ್ನು ಬೆಕ್ಕು.

ನಮ್ಮದು ನೂಲಿನ ವ್ಯಾಪಾರ. ಅಂಗಡಿ ಪೇಟೆಯಲ್ಲಿ, ನೂಲಿನ ಕೋಣೆ ಮನೆಯಲ್ಲಿ. ಬನಹಟ್ಟಿಯಲ್ಲಿ ಮನೆಮನೆಗೂ ಮಗ್ಗ. ಮಗ್ಗವಿದ್ದಲ್ಲಿ ನೂಲು, ನೂಲಿಗೆ ಹಚ್ಚುವ ಗಂಜಿ, ಗಂಜಿಗೆ ಇಲಿ. ಒಂದು ಇಲಿ ಒಂದು ಪೆಂಡಿಯೊಳಗೆ ಹೊಕ್ಕು ಹೊರಬಂತೆಂದರೆ ಆ ನೂಲು ದೇವರಿಗೆ ಬತ್ತಿ ಹೊಸೆಯಲಿಕ್ಕೂ ಬರುವುದಿಲ್ಲ. ಬೇರೆಯವರಾದರೆ ಬೋನು ಇಡುತ್ತಿದ್ದರು. ನಾವು ಇಡುವಂತಿಲ್ಲ. ಇಲಿಯೂ ಜೀವವೇ. ಹಾಗೆಂದು ಬೆಕ್ಕು ಸಾಕಿದರೆ? ಅದು ಬಾಲ ಇರುವ ಬೋನು ಅಷ್ಟೇ. ಪಾಪ ಸಾಕಿದವರ ಲೆಕ್ಕಕ್ಕೇ. ಆದರೆ ಒಂದು ಬೆಕ್ಕು ತಾನಾಗಿ ಬಂದು, ತಾನಾಗಿ ಇದ್ದು, ತನ್ನ ಸ್ವಭಾವದಂತೆ ತಾನು ನಡೆದುಕೊಂಡರೆ ಅದಕ್ಕೆ ಯಾರೇನು ಮಾಡಬೇಕು? ನಮ್ಮ ಅಜ್ಜನ ಕಾಲದಿಂದಲೂ ನೂಲಿನ ಕೋಣೆಯಲ್ಲಿ ಒಂದಲ್ಲ ಒಂದು ಬೆಕ್ಕು ಹೀಗೆ ತಾನಾಗಿ ಇದೆ. ಅಜ್ಜ “ನಮ್ಮದಲ್ಲ” ಅಂದ, ಅಪ್ಪ “ನಮ್ಮದಲ್ಲ” ಅಂದ, ನಾನೂ ಅಂಗಡಿಯ ಜೊತೆಗೆ ಆ ಮಾತನ್ನೂ ಪಿತ್ರಾರ್ಜಿತವಾಗಿ ಪಡೆದೆ. ನಮ್ಮದಲ್ಲವಾದ್ದರಿಂದ ಒಂದಕ್ಕೂ ಹೆಸರಿಡಲಿಲ್ಲ. ಕರೆಯಬೇಕಾದರೆ ತಟ್ಟೆ ಬಾರಿಸುತ್ತಿದ್ದೆವು.

ನಾನು ಹೇಳುತ್ತಿರುವುದು ಈಚಿನ ಲಡಾಯಿಯ ಕಾಲದಲ್ಲಿದ್ದ ಬೆಕ್ಕು. ಬೂದು ಬಣ್ಣದ್ದು, ಒಂದು ಕಿವಿಯ ತುದಿ ಹರಿದದ್ದು. ಆಗ ನೂಲು ಸಿಗುವುದೇ ದುಸ್ತರವಾಗಿತ್ತು. ಕೋಣೆಯಲ್ಲಿದ್ದ ನಾಲ್ಕು ಪೆಂಡಿಗಳನ್ನು ನಾನು ಮಲಗಿದ ಕೂಸನ್ನು ನೋಡಿದಂತೆ ಹೋಗಿ ಹೋಗಿ ನೋಡುತ್ತಿದ್ದೆ. ಅವುಗಳ ಮೇಲೆ ಬೆಕ್ಕು ಮಲಗಿದ್ದರೆ ನನ್ನ ಎದೆಬಡಿತ ಸರಿಯಾಗುತ್ತಿತ್ತು. ಅತ್ತಿ ಅದಕ್ಕೆ ದಿನಾ ಸಂಜೆ ನಮ್ಮ ಊಟದ ಜೊತೆಗೇ, ಬೇವಿನ ಮರದ ಮೇಲೆ ಬಿಸಿಲಿರುವಾಗಲೇ, ಹಾಲಿನಲ್ಲಿ ರೊಟ್ಟಿ ಮುರಿದು ಹಾಕಿ ಇಡುತ್ತಿದ್ದಳು. ನೀರನ್ನೂ ಸೋಸಿಯೇ ಇಡುತ್ತಿದ್ದಳು. ಅದು ಒಂದಿಷ್ಟು ನೆಕ್ಕಿದಂತೆ ಮಾಡಿ ಎದ್ದು ಹೋಗುವುದು. ದೀಪ ಹಚ್ಚಿದ ಮೇಲೆ ಒಮ್ಮೆಯೂ ಅಡುಗೆಮನೆಯ ಕಡೆ ಬಂದದ್ದಿಲ್ಲ. ಅತ್ತಿಗೆ ಇದೊಂದು ದೊಡ್ಡ ಹೆಮ್ಮೆ. ಬಸದಿಯಲ್ಲಿ ಕೂಡಿದ ಹೆಂಗಸರ ಮುಂದೆ ಹೇಳುವಳು: “ನಮ್ಮದೇನಲ್ಲವಾ ಅದು. ಆದ್ರ ಎಂಥಾ ಜೀವಾ ಅಂತೀರಿ! ಹೊತ್ತ ಮುಳುಗಿದ ಮ್ಯಾಲ ಒಂದ ಹನಿ ಮುಟ್ಟೂದಿಲ್ಲ. ಹಿಂದಿನ ಜನ್ಮದಾಗ ಯಾವ ಶ್ರಾವಕಿನೋ ಏನೋ.”

ಅದು ರಾತ್ರಿ ನೂಲಿನ ಕೋಣೆಯಲ್ಲಿ ಏನು ಮಾಡುತ್ತದೆ ಎಂಬುದನ್ನು ಆ ಶ್ರಾವಕಿಯ ಚರಿತ್ರೆಯಿಂದ ಎಲ್ಲರೂ ಸೌಜನ್ಯದಿಂದ ಬಿಟ್ಟುಬಿಡುತ್ತಿದ್ದರು.

ಒಂದು ಮುಂಜಾನೆ ಬೆಕ್ಕು ಹಿಂಗಾಲು ಎಳೆಯುತ್ತ ಬಂತು. ತೊಡೆಯ ಮೇಲೆ ಎರಡು ಸಣ್ಣ ತೂತು, ಹಲ್ಲಿನ ಗುರುತು. ಪಕ್ಕದ ಮನೆಯ ಸಂಗಪ್ಪ ಗೋಡೆಯ ಮೇಲಿಂದ ಇಣುಕಿದ. ಸಂಗಪ್ಪ ನೇಕಾರ, ನಮ್ಮ ನಡುವೆ ಎದೆಮಟ್ಟದ ಒಂದೇ ಗೋಡೆ. ಅವನ ಮಗ್ಗದ ಸದ್ದು ನಿಂತಿತೆಂದರೆ ಅವನ ಬಾಯಿ ಸುರುವಾಯಿತೆಂದು ತಿಳಿಯಬೇಕು.

“ರಬಕವಿ ಕಡಿಂದೊಂದು ಗಂಡಬೆಕ್ಕ ಬಂದೈತ್ರಿ ಭರಮಣ್ಣಾರ, ಅದರದ ಕೆಲಸ. ನಮ್ಮದು ಜಮಖಂಡಿ ಸಂಸ್ಥಾನ, ಅದು ಬ್ಯಾರೆ ಸಂಸ್ಥಾನದ್ದು. ಗಡಿ ಜಕಾತಿ ಕಟ್ಟಿ ಮ್ಯಾಲ ಹಿಡದು ಕೇಳಬೇಕಿತ್ತು ನೋಡ್ರಿ.”

ನಕ್ಕೆವು. ಗಾಯ ಎರಡೇ ದಿನದಲ್ಲಿ ಮುಚ್ಚಿಕೊಂಡಿತು. ಅತ್ತಿ ಮಾತ್ರ ಬಗ್ಗಿ ಮೂಸಿ, ಮುಖ ಗಂಟು ಹಾಕಿಕೊಂಡಳು. “ಒಳಗ ಕೀವು ಕಟ್ಟಾಕತ್ತೈತಿ.” ಅವಳ ಮಾತಿನಂತೆಯೇ ತೊಡೆ ನಿಂಬೆಹಣ್ಣಿನಂತೆ ಊದಿ ಕೆಂಪಾಯಿತು. ಮೈ ಹಂಚಿನಂತೆ ಸುಡತೊಡಗಿತು.

ಇಲ್ಲಿಂದ ಊರಿನವರ ಔಷಧಗಳು ಸುರುವಾದವು. ಒಬ್ಬರು ಜೇನುತುಪ್ಪ ಅಂದರು. ಜೇನು ನಮ್ಮಲ್ಲಿ ಹೊಸ್ತಿಲು ದಾಟುವುದಿಲ್ಲ. ಇನ್ನೊಬ್ಬರು ತತ್ತಿಯ ಬಿಳಿ ಭಾಗ ಅಂದು, ಅತ್ತಿಯ ಮುಖ ನೋಡಿ, ತಾವೇ ನಾಲಿಗೆ ಕಚ್ಚಿಕೊಂಡರು. ಸಂಗಪ್ಪ ಹೇಳಿದ: “ಉಳ್ಳಾಗಡ್ಡಿ ಸುಟ್ಟು ಬಿಸಿಬಿಸಿ ಕಟ್ರಿ. ಬೆಳಕ ಹರಿಯೂದ್ರಾಗ ಒಡೀತೈತಿ.” ಉಳ್ಳಾಗಡ್ಡಿಯೂ ನಮ್ಮ ಮನೆಯಲ್ಲಿ ಇಲ್ಲದ ಪದಾರ್ಥ. ಅತ್ತಿ ಬಹಳ ಹೊತ್ತು ವಿಚಾರ ಮಾಡಿದಳು. ಆಮೇಲೆ ಬೆಕ್ಕನ್ನು ಎತ್ತಿ ಗೋಡೆಯ ಆಚೆ ಕೊಟ್ಟಳು.

“ಸಂಗಪ್ಪಾ, ನಿಮ್ಮ ಮನ್ಯಾಗ ನೀ ಏನ್ ಕಟ್ಟತಿ ನಾ ನೋಡಿಲ್ಲ.”

“ನೀವು ಏನೂ ನೋಡಿಲ್ಲ ಬಿಡ್ರಿ ಅಕ್ಕಾರ.”

ಒಂದಿಷ್ಟು ಹೊತ್ತಿನ ಮೇಲೆ ಬೆಕ್ಕು ಉಳ್ಳಾಗಡ್ಡಿ ಕಟ್ಟಿಕೊಂಡು ನಮ್ಮ ಪಡಸಾಲೆಗೆ ಕುಂಟುತ್ತ ಬಂತು. ಮನೆ ತುಂಬ ವಾಸನೆ. ಬೆಕ್ಕೂ ನಮ್ಮದಲ್ಲ, ಉಳ್ಳಾಗಡ್ಡಿಯೂ ನಮ್ಮದಲ್ಲ. ಅತ್ತಿ ಸೆರಗನ್ನು ಮೂಗಿಗೆ ಹಿಡಿದು, ಇನ್ನೊಂದು ಕೈಯಿಂದ ಅದರ ಬೆನ್ನು ಸವರುತ್ತ ಕೂತಳು.

ಕುರು ಒಡೆಯಿತು. ಅದರ ವರ್ಣನೆ ಮಾಡಲಾರೆ. ನೀವು ಊಟ ಮಾಡಿರಬಹುದು. ಬೇವಿನ ತಪ್ಪಲು ಕುದಿಸಿದ ನೀರಿನಿಂದ ತೊಳೆದು ಅರಿಷಿಣ ಹಚ್ಚಿದಳು. ಚಂಪಾ ಬೆಕ್ಕಿನ ಮುಂಗಾಲು ಹಿಡಿಯಬೇಕು. ನಾನು ತಲೆ ಹಿಡಿಯಬೇಕು. ನಾನು ಹಿಡಿದದ್ದಕ್ಕಿಂತ ಕಣ್ಣು ಮುಚ್ಚಿಕೊಂಡದ್ದೇ ಹೆಚ್ಚು. ಹಾಗೆ ಮುಚ್ಚಿಕೊಂಡಿದ್ದಾಗಲೇ ಒಂದು ದಿನ ಚಂಪಾ “ಅಯ್ಯ, ಹುಳಾ!” ಎಂದು ಕೈಬಿಟ್ಟಳು. ನೊಣ ಕೂತು ಗಾಯದೊಳಗೆ ಹುಳ ಬಿದ್ದಿದ್ದವು.

ಟರ್ಪಂಟೈನ್ ಎಣ್ಣೆ ಬಿಟ್ಟರೆ ಹುಳ ಸಾಯುತ್ತವೆ ಎಂದು ಊರಿಗೆಲ್ಲ ಗೊತ್ತಿತ್ತು. ಅತ್ತಿಗೂ ಗೊತ್ತಿತ್ತು. ಅವಳು ಗಾಯವನ್ನು ನೋಡುತ್ತ ಕೂತಿದ್ದ ಆ ಹೊತ್ತು ನನಗೆ ಇನ್ನೂ ನೆನಪಿದೆ. ಬೆಕ್ಕು ಉಳಿಯಬೇಕಾದರೆ ಹುಳ ಹೋಗಬೇಕು. ಬೆಕ್ಕೂ ಜೀವ, ಹುಳವೂ ಜೀವ. ಕೊನೆಗೆ ಕೊಬ್ಬರಿ ಎಣ್ಣೆಯಲ್ಲಿ ಕರ್ಪೂರ ಕರಗಿಸಿ ಗಾಯದ ಅಂಚಿಗೆ ಸವರಿದಳು. “ವಾಸನಿ ತಡೀದ ತಾವ ಹೊರಗ ಬರತಾವ. ಕೊಲ್ಲೂದು ಬ್ಯಾಡ.” ಹೊರಗೆ ಬಂದವನ್ನು ಒಂದೊಂದಾಗಿ ಹತ್ತಿಯಿಂದ ಎತ್ತಿ ಎಲೆಯ ಮೇಲೆ ಇಟ್ಟು, ಹಿತ್ತಲ ತಿಪ್ಪೆಯ ಮೇಲೆ ನೆರಳಲ್ಲಿ ಬಿಟ್ಟು ಬಂದಳು.

“ಅಕ್ಕಾರ, ಅವಕ್ಕೊಂದು ಸಣ್ಣ ಛಪ್ಪರಾನೂ ಹಾಕಿಸಿಬಿಡ್ರಲ್ಲ,” ಎಂದು ಗೋಡೆಯ ಮೇಲಿಂದ ಸಂಗಪ್ಪ.

“ನಿನ್ನ ಬಾಯಿಗೆ ಮೊದಲ ಕರ್ಪೂರ ಹಚ್ಚಬೇಕು ನೋಡು,” ಎಂದು ಅತ್ತಿ.

ಗಾಯ ಬರಬರುತ್ತ ಶುದ್ಧವಾಯಿತು. ಆದರೆ ಬೆಕ್ಕು ಉಣ್ಣಲೊಲ್ಲದು. ಮುಂಜಾನೆ ಗಾಯ ತೊಳೆದು, ಪಟ್ಟಿ ಕಟ್ಟಿ, ಹಾಲು ಮುಂದಿಟ್ಟರೆ ಮುಖ ತಿರುಗಿಸುತ್ತಿತ್ತು. ಮಧ್ಯಾಹ್ನದ ಬಿಸಿಲಿಗೆ ಜ್ವರ ಏರಿ ಬುಟ್ಟಿಯಲ್ಲಿ ಚಿಂದಿಯಂತೆ ಬಿದ್ದಿರುತ್ತಿತ್ತು. ಸಂಜೆ ಊಟದ ಹೊತ್ತಿಗೆ ಇಟ್ಟರೂ ಅಷ್ಟೇ.

ಆ ಸುಮಾರಿಗೆ ನೂಲಿನ ಕೆಲಸಕ್ಕೆ ನಾನು ಜಮಖಂಡಿಗೆ ಹೋಗಬೇಕಾಯಿತು. ಅಲ್ಲಿ ಕುದುರೆಗಳನ್ನು ನೋಡುವ ಒಬ್ಬ ಡಾಕ್ಟರರಿದ್ದರು. ಕುದುರೆ ಲಾಯದ ಮುಂದೆ ಮೂರು ಸಲ ಅಡ್ಡಾಡಿ, ನಾಲ್ಕನೆಯ ಸಲ ಒಳಗೆ ಹೋದೆ. ಬೆಕ್ಕು ಎಂದು ಹೇಳಲು ನಾಚಿಕೆ. “ಒಂದು ಜನಾವರಕ್ಕ ಆರಾಮಿಲ್ರಿ,” ಅಂದೆ.

“ಎಷ್ಟು ಎತ್ತರ ಐತಿ?”

“ಮೊಣಕಾಲಿಗಿಂತ ತುಸು ಕೆಳಗ್ರಿ.”

“ಕುದರಿ ಮರೀನೂ ಅಷ್ಟ ಗಿಡ್ಡ ಇರೂದಿಲ್ಲಲ್ಲ?”

ಬೆಕ್ಕೆಂದು ಒಪ್ಪಿಕೊಂಡೆ. ಒಪ್ಪಿಕೊಳ್ಳುವಾಗ ರೂಢಿಯಂತೆ “ನಮ್ಮದಲ್ರಿ, ಓಣ್ಯಾಗಿಂದು,” ಎಂದೂ ಸೇರಿಸಿದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ನಿಮ್ಮದಲ್ಲಂದ ಮ್ಯಾಲ ನಿಮ್ಮ ಮಾರಿ ಯಾಕ ಹಿಂಗ ಆಗೈತಿ?” ಅಂದರು. ಒಳ್ಳೆಯ ಮನುಷ್ಯ. ಗಾಯ ತೊಳೆಯಲೆಂದು, ನೀರಿಗೆ ಹಾಕಿದರೆ ನೇರಳೆಹಣ್ಣಿನ ಜಾಂಬಳೆ ಬಣ್ಣ ಬಿಡುವ ಒಂದು ಚಿಟಿಕೆ ಹರಳನ್ನು ಕಾಗದದಲ್ಲಿ ಕಟ್ಟಿ ಕೊಟ್ಟರು. ಗಾಯದ ಬಾಯಿ ಬೇಗ ಮುಚ್ಚಗೊಡಬಾರದು, ಒಳಗಿನಿಂದ ತುಂಬಿ ಬರಬೇಕು ಎಂದು ತಿಳಿಸಿ ಹೇಳಿದರು. ನಾನು ಹೊಸ್ತಿಲು ದಾಟುವಾಗ ಮತ್ತೆ ಕರೆದರು. “ಹ್ಯಾಂಗರ ಮಾಡಿ ಹೊಟ್ಟಿಗೆ ಹಾಕ್ರಿ. ಗಾಯ ನೀವು ತೊಳೀತೀರಿ. ಉಳದದ್ದು ಅದು ಉಂಡ್ರ ಆಗತೈತಿ, ಉಣಲಿಲ್ಲಂದ್ರ ಇಲ್ಲ.”

ಈ ಮಾತನ್ನು ಮೋಟರಿನಲ್ಲಿ ದಾರಿಯುದ್ದಕ್ಕೂ ಹೊತ್ತುಕೊಂಡು ಬಂದೆ. ಅತ್ತಿಗೆ ಹೇಳಿದೆ. ಅವಳು ಹಾಲಿಗೆ ಬೆಲ್ಲ ಹಾಕಿ ನೋಡಿದಳು, ತುಪ್ಪ ಹಾಕಿ ನೋಡಿದಳು, ಅಕ್ಕಿಯ ಗಂಜಿ ಮಾಡಿ ಬೆರಳಿನಿಂದ ತುಟಿಗೆ ಸವರಿದಳು. ಸವರಿದ್ದನ್ನು ಅದು ತಲೆ ಕೊಡವಿ ಚೆಲ್ಲಿತು. ಹೊರಗೆ ಬಿಟ್ಟರೆ ಆ ಗಂಡುಬೆಕ್ಕು ಕಾಯುತ್ತಿದೆ, ನಾಯಿಗಳಿವೆ. ಇಂಥ ಸ್ಥಿತಿಯಲ್ಲಿ ಓಡಲೂ ಆಗದು. ಆದ್ದರಿಂದ ಹೊತ್ತು ಮುಳುಗುವ ಮುಂಚೆ ಅದನ್ನು ಬುಟ್ಟಿಯ ಸಮೇತ ನೂಲಿನ ಕೋಣೆಯೊಳಗಿಟ್ಟು ಬಾಗಿಲು ಹಾಕುವುದೆಂದು ಎಲ್ಲರೂ ಕೂಡಿ ನಿಶ್ಚಯಿಸಿದ್ದೆವು.

ದೀಪ ಹಚ್ಚಿದ ಮೇಲೆ ಅದು ಕೂಗಲು ಸುರು ಮಾಡುತ್ತಿತ್ತು. ಹಗಲೆಲ್ಲ ದನಿಯೇ ಇಲ್ಲದ ಪ್ರಾಣಿ ಬಾಗಿಲನ್ನು ಪರಚುತ್ತ ಕೂಗುತ್ತಿತ್ತು. ಸಂಕಟ ಹೆಚ್ಚಾಗಿದೆ ಎಂದುಕೊಂಡೆವು. ಅತ್ತಿ ಒಳಗೆ ಹೋಗಿ, ಬಾಗಿಲು ಹಾಕಿಕೊಂಡು, ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕಿವಿಯಲ್ಲಿ ಮೆಲ್ಲಗೆ ಣಮೋಕಾರ ಮಂತ್ರ ಹೇಳುತ್ತ ಕೂತಿರುತ್ತಿದ್ದಳು. ಆ ದನಿಗೆ ಅದು ಒಂದಿಷ್ಟು ಸುಮ್ಮನಾಗುತ್ತಿತ್ತು. ಮತ್ತೆ ಕೂಗುತ್ತಿತ್ತು. ನಾನು ಬಾಗಿಲ ಹೊರಗೆ ಕೂತು, ಎರಡೂ ದನಿಗಳನ್ನು ಕೇಳುತ್ತ, ಯಾವುದು ಮೊದಲು ನಿಲ್ಲುತ್ತದೋ ಎಂದು ಅಂಜುತ್ತಿದ್ದೆ.

ಹೀಗೆ ಕೆಲವು ಸಂಜೆಗಳು ಕಳೆದವು. ಒಂದು ಸಂಜೆ ದೀಪದ ಹೊತ್ತಿಗೆ ಸಂಗಪ್ಪ ನೂಲು ಕೇಳಲು ಬಂದ. ಕೋಣೆಯೊಳಗಿನ ಕೂಗು ಕೇಳಿ ನಿಂತ.

“ಏನ್ರಿ ಭರಮಣ್ಣಾರ, ಊಟದ ಹೊತ್ತಿನ್ಯಾಗ ಅದನ್ನ ಒಳಗ ಹಾಕಿ ಕೀಲಿ ಜಡದೀರಿ?”

“ಊಟದ ಹೊತ್ತು ಎಲ್ಲಿಂದೋ?” ಅತ್ತಿ ಕೋಣೆಯ ಕಡೆ ಹೊರಟವಳು ನಿಂತಳು. “ದೀಪಾ ಹಚ್ಚಿದ ಮ್ಯಾಲ ಅದು ಏನೂ ಮುಟ್ಟೂದಿಲ್ಲ.”

ಸಂಗಪ್ಪ ನಕ್ಕುಬಿಟ್ಟ. “ಯಾರ ಹೇಳಿದ್ರು ಅಕ್ಕಾರ? ವರ್ಷಗಟ್ಟಲೆ ಆತು, ನಾವು ಮಗ್ಗಾ ಬಿಟ್ಟು ಗಂಗಾಳದ ಮುಂದ ಕುಂತಿವಿ ಅಂದ್ರ ಗ್ವಾಡಿ ಹಾರಿ ಬಂದ ಬಿಡತಿತ್ತು. ಹಾಲು ರೊಟ್ಟಿ ಹೊಟ್ಟಿ ತುಂಬ ಹೊಡೀತಿತ್ತು. ಹಗಲ ನಿಮ್ಮ ಮನ್ಯಾಗ ಉಪವಾಸ, ರಾತ್ರಿ ನಮ್ಮ ಮನ್ಯಾಗ ಪಾರಣಿ ಅಂತ ನಾವು ಚ್ಯಾಷ್ಟಿ ಮಾಡತಿದ್ವಿ. ಈಗ ಬರೂದ ಬಿಟ್ಟೈತಿ ಅಂದ್ರ ನೀವ ಹೊಟ್ಟಿಗೆ ಹಾಕಾಕತ್ತೀರಿ ಅಂತ…”

ಅತ್ತಿಯ ಮುಖ ಕಂಡು ಅವನ ನಗು ಅರ್ಧಕ್ಕೆ ನಿಂತಿತು. ನೂಲು ನಾಳೆ ಒಯ್ದರಾಯಿತೆಂದು ಏನೋ ಹೇಳಿ ಹೊರಟುಹೋದ.

ಅತ್ತಿ ಹಾಗೆಯೇ ನೆಲದ ಮೇಲೆ ಕೂತಳು. ಒಳಗೆ ಬೆಕ್ಕು ಬಾಗಿಲು ಪರಚುತ್ತಿತ್ತು.

“ಭರಮಾ,” ಅಂದಳು, “ಅದು ಒದರತಿದ್ದದ್ದು ನೋವಿಗಲ್ಲೋ.”

ನಾನು ಹೋಗಿ ಕೋಣೆಯ ಬಾಗಿಲು ತೆಗೆದೆ.

“ನಾ ಅದರ ಕಿವ್ಯಾಗ ಮಂತ್ರಾ ಹೇಳಕೋಂತ ಕುಂತಿದ್ನೆಲ್ಲೋ. ಅದಕ್ಕ ಹಸಿವಿ ಆಗಿತ್ತು.”

ಜ್ವರ ಸಂಜೆಯ ತಂಪಿಗೆ ಇಳಿಯುತ್ತಿತ್ತು. ಇಳಿದ ಹೊತ್ತಿಗೆ, ವರ್ಷಗಳ ರೂಢಿಯಂತೆ, ಅದು ಊಟ ಕೇಳುತ್ತಿತ್ತು. ಆ ಹೊತ್ತಿಗೆ ನಮ್ಮ ಮನೆಯಲ್ಲಿ ಯಾರಿಗೂ ಊಟವಿಲ್ಲ. ಇಷ್ಟು ಸಣ್ಣ ಸಂಗತಿ ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಹೊರಗಾದರೂ ಬಿಟ್ಟಿದ್ದರೆ ಸಂಗಪ್ಪನ ಗೋಡೆಯ ಕಡೆಗೆ ತೆವಳಿಯಾದರೂ ಹೋಗುತ್ತಿತ್ತೇನೋ.

ಅತ್ತಿ ಎದ್ದಳು. “ಚಂಪಾ, ಒಲಿ ಹಚ್ಚು.”

ಚಂಪಾ ನನ್ನನ್ನು ನೋಡಿದಳು. ನಾನು ಮಾಳಿಗೆಯ ತೊಲೆಗಳನ್ನು ನೋಡಿದೆ. ನಾನು ಹುಟ್ಟಿದಾಗಿನಿಂದ ಆ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಒಲೆ ಹಚ್ಚಿದ್ದಿಲ್ಲ.

“ನಿಂತಿ ಯಾಕ ಬೇ? ನಮಗಲ್ಲ, ಬೆಕ್ಕಿಗೆ.”

ಹಾಲು ಬೆಚ್ಚಗಾಯಿತು. ಅತ್ತಿ ಹೆಗಲ ಮೇಲಿನ ಅರಿವೆ ತೆಗೆದು ಸೋಸಿದಳು. ದೀಪವನ್ನು ದೂರದ ಗೋಡೆಯ ಮಾಡಿನಲ್ಲಿ ಇಡಿಸಿದಳು. ಆದರೂ ಒಂದೆರಡು ಹುಳ ಹಾರಿ ಬಂದವು. ಆಗ ಅವಳು ಬಟ್ಟಲನ್ನು ಬೆಕ್ಕಿನ ಮುಂದಿಟ್ಟು, ಹುಳ ಬೀಳದಂತೆ ತನ್ನ ಬಲ ಅಂಗೈಯನ್ನು ಅದರ ಮೇಲೆ ಸೂರಿನ ಹಾಗೆ ಹಿಡಿದಳು. ಬೆಕ್ಕು ಒಮ್ಮೆ ಮೂಸಿತು. ಆಮೇಲೆ ಆ ಕೈಯ ಕೆಳಗೆ ತಲೆ ತೂರಿಸಿ ನೆಕ್ಕತೊಡಗಿತು. ಬಟ್ಟಲು ಬರಿದಾಗುವವರೆಗೂ ಅತ್ತಿ ಕೈ ಅಲುಗಿಸಲಿಲ್ಲ. ಅದರ ಹರಿದ ಕಿವಿ ಅವಳ ಅಂಗೈಗೆ ತಾಗುತ್ತಿತ್ತು.

“ಉಂಡ್ತು,” ಅಂದಳು. “ನಮ್ಮ ಬೆಕ್ಕು ಉಂಡ್ತು.”

ಚಂಪಾ ನನ್ನ ಕಿವಿಯ ಹತ್ತಿರ, “ನಮ್ಮ ಅಂದ್ರಲ್ರೀ,” ಎಂದು ಪಿಸುಗುಟ್ಟಿದಳು. ಅತ್ತಿಗೆ ಕೇಳಿಸಿತು.

“ಅಂದೆ. ಅದು ಹಿಡದ ಇಲಿ ಪಾಪಾನೂ ನನಗ ಬರಲಿ.”

ಮರುದಿನ ಅವಳು ಉಪವಾಸ ಮಾಡಿದಳು. ಅದು ರಾತ್ರಿ ಒಲೆ ಹಚ್ಚಿಸಿದ್ದಕ್ಕೋ, ಇಷ್ಟು ದಿನ ಹಚ್ಚಿಸದೆ ಇದ್ದದ್ದಕ್ಕೋ, ನಾನು ಕೇಳಲಿಲ್ಲ.

ಆಮೇಲೆ ಪ್ರತಿ ಸಂಜೆ ಹಾಲು, ಪ್ರತಿ ಸಂಜೆ ಆ ಅಂಗೈಯ ಸೂರು. ಪಟ್ಟಿ ಬಿಚ್ಚಿದರೆ ಬರೀ ಅರಿಷಿಣದ ವಾಸನೆ. ನಾನೂ ಮೂಸಿದೆ. ಅತ್ತಿಯೇ ಮುಂದೆ ಹಿಡಿದು “ನೋಡು” ಅಂದಳು. ಹಾಗೆ ಆ ಚಟ ನನ್ನ ಕೈಗೆ ಬಂತು. ಒಂದು ಸಂಜೆ ಬೆಕ್ಕು ತಾನಾಗಿ ಎದ್ದು ನೂಲಿನ ಪೆಂಡಿಯ ಮೇಲೆ ಹತ್ತಲು ನೋಡಿತು, ಆಗಲಿಲ್ಲ, ನಾಚಿಕೊಂಡಂತೆ ಮೈ ನೆಕ್ಕಿಕೊಂಡಿತು. ನನ್ನಂಥ ನಾನೂ ಅಂದು ಅಂಗಡಿಯ ಕೀಲಿ ಎಳೆದು ನೋಡದೆ ಮನೆಗೆ ಬಂದೆ.

ಆದರೆ ಅಷ್ಟು ದಿನ ಸೊರಗಿದ ಮೈ ಮತ್ತೆ ತುಂಬಿಕೊಳ್ಳಲಿಲ್ಲ. ಮುಂದೆ ಒಂದು ಮುಂಜಾನೆ ಅದು ಬುಟ್ಟಿಯಲ್ಲಿ ಏಳದೆ ಮಲಗಿತ್ತು. ಉಸಿರಿದೆಯೋ ಇಲ್ಲವೋ ತಿಳಿಯಲಿಲ್ಲ. ನಾನು ಪೆಂಡಿಯಿಂದ ಎಲ್ಲಕ್ಕಿಂತ ಸಣ್ಣ ನೂಲಿನ ಎಳೆಯೊಂದನ್ನು ಹಿರಿದು ಅದರ ಮೂಗಿನ ಮುಂದೆ ಹಿಡಿದೆ. ನನ್ನ ಕೈಯೇ ನಡುಗುತ್ತಿದ್ದುದರಿಂದ ಎಳೆ ಅಲುಗಿತು. ಎಡಗೈಯಿಂದ ಬಲಗೈಯನ್ನು ಬಿಗಿಯಾಗಿ ಹಿಡಿದುಕೊಂಡು ಮತ್ತೆ ನೋಡಿದೆ. ಆಮೇಲೂ ಹಿಡಿದೇ ಇದ್ದೆ. “ಸಾಕು ತಗಿ ಭರಮಾ,” ಅಂದಳು ಅತ್ತಿ.

ಬೇವಿನ ಮರದ ಕೆಳಗೆ ಸಂಗಪ್ಪ ತೆಗ್ಗು ತೋಡಿದ. ಎಂದೂ ಮುಚ್ಚದ ಅವನ ಬಾಯಿ ಅಂದು ತೆರೆಯಲಿಲ್ಲ. ಅತ್ತಿ ನೀರು ಸೋಸುವ ಅರಿವೆಯಲ್ಲಿಯೇ ಬೆಕ್ಕನ್ನು ಸುತ್ತಿ ಕೊಟ್ಟಳು.

ಎಲ್ಲ ಮುಗಿದ ಮೇಲೆ ಪಡಸಾಲೆಯಲ್ಲಿ ಕೂತಿದ್ದೆವು. ಚಂಪಾ ಬಾಗಿಲಲ್ಲಿ ನಿಂತಿದ್ದಳು. ಹೆಗಲ ಮೇಲೆ ಅರಿವೆಯಿಲ್ಲದೆ ಅತ್ತಿ ಯಾರೋ ಬೇರೆಯವರ ಹಾಗೆ ಕಾಣುತ್ತಿದ್ದಳು.

“ಭರಮಾ, ಖರೆ ಹೇಳು. ಮೊದಲ ಸಂಜಿಂದನ ಉಣಿಸಿದ್ರ ಅದು ಉಳೀತಿತ್ತೇನು?”

ಜೀವಮಾನವೆಲ್ಲ ಕೆಟ್ಟದ್ದನ್ನೇ ಮೊದಲು ಎಣಿಸುವವನು ನಾನು. ಆ ಪ್ರಶ್ನೆ ಅವಳಿಗಿಂತ ಮೊದಲೇ ನನ್ನೊಳಗೆ ಎಷ್ಟೋ ಸಲ ಎದ್ದು ಕೂತಿತ್ತು. ಆದರೂ ಅಂದು ಗಂಟಲು ಸರಿಮಾಡಿಕೊಂಡು, ಪೇಟೆಯ ದೊಡ್ಡ ವ್ಯಾಪಾರಿಗಳು ದರ ಹೇಳುವ ದನಿಯಲ್ಲಿ ಹೇಳಿದೆ:

“ಇಲ್ಲ ಅತ್ತಿ. ಉಳೀತಿದ್ದಿಲ್ಲ. ನಂಜು ಮೊದಲ ಒಳಗ ಇಳದಿತ್ತು. ಯಾರು ಏನ್ ಮಾಡಿದ್ರೂ ಉಳೀತಿದ್ದಿಲ್ಲ.”

ಅವಳು ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಸಿಟ್ಟಿರಲಿಲ್ಲ. ಕುರು ಗುಣವಾದ ದಿನ ತಲೆ ಸವರಿದಳಲ್ಲ, ಹಾಗೆಯೇ ಕೈ ಚಾಚಿ ನನ್ನ ತಲೆ ಸವರಿದಳು.

“ಮಳಿ ಬರತೈತೇನೋ ಅಂದ್ರ ‘ಬಂದ್ರೂ ಬಂದೀತು’ ಅನ್ನಾಂವ ನೀ. ಕೀಲಿ ಹಾಕಿದೇನೋ ಅಂದ್ರ ‘ಹಾಕಿರಬೇಕು’ ಅಂತಿ. ಹುಟ್ಟಿದಾಗಿಂದ ಒಂದ ಮಾತು ಖಾತ್ರಿಲೆ ಆಡಿದಾಂವ ಅಲ್ಲ.” ಕೈ ತೆಗೆದುಕೊಂಡಳು. “ಇಷ್ಟ ಖಾತ್ರಿಲೆ ಹೇಳಾಕತ್ತಿ ಅಂದ್ರ, ಉಳೀತಿತ್ತು.”

ಬಾಗಿಲಲ್ಲಿ ನಿಂತ ಚಂಪಾ ಅದನ್ನು ಕೇಳಿಸಿಕೊಂಡಿದ್ದಳು. ಅಂದಿನಿಂದ ಈ ಮನೆಯಲ್ಲಿ ನಾನು ಖಾತ್ರಿಯ ಮಾತಾಡಿದರೆ ಎಲ್ಲರ ಎದೆ ಧಸಕ್ಕೆನ್ನುತ್ತದೆ. ಅತ್ತಿ ತನ್ನ ಕೊನೆಯ ಬೇನೆಯಲ್ಲಿ ಕೇಳಿದಳು, “ನಾ ಏಳತೀನೇನೋ ಭರಮಾ?” ಎಂದು. “ನೋಡೂಣು ಅತ್ತಿ, ಏನಾಗತೈತೋ,” ಅಂದೆ. “ಹಂಗಾರ ಚಿಂತಿಲ್ಲ,” ಎಂದು ನಕ್ಕಳು. ಏಳಲಿಲ್ಲ.

ಚಂಪಾಳ ಬೆರಳು ಗುಣವಾಗುತ್ತಿದೆ, ಆಗುತ್ತಿರಬೇಕು. ಇಷ್ಟು ಬರೆಯುವಷ್ಟರಲ್ಲಿ ದೀಪ ಹಚ್ಚುವ ಹೊತ್ತಾಯಿತು. ನಮ್ಮೆಲ್ಲರ ಊಟ ಆಗಲೇ ಮುಗಿದಿದೆ. ಹಿತ್ತಲ ಪಾವಟಿಗೆಯ ಮೇಲೆ ಕರೀದೊಂದು ಬೆಕ್ಕು ಬಂದು ಒಲೆಯ ಕಡೆಗೇ ನೋಡುತ್ತ ಕೂತಿದೆ. ನಮ್ಮದಲ್ಲ. ಹಾಲು ಬೆಚ್ಚಗೆ ಮಾಡಿ ಇಟ್ಟು ಬರಬೇಕು.